ಒಳಗೊಳಗೇ ಹಿಡಿಯುವ ಕಮಟು: ಎಲ್‌ಡಿಎಲ್ ಕೆಟ್ಟು ರಕ್ತನಾಳ ಹಾಳಾಗದಂತೆ ಏನು ಮಾಡಬೇಕು

ಗೌರಿ ಹಬ್ಬಕ್ಕೆ ಮಾಡಿದ ಚಕ್ಕುಲಿ ಡಬ್ಬದ ತಳದಲ್ಲಿ ನಾಲ್ಕು ಉಳಿದಿರುತ್ತವೆ. ದೀಪಾವಳಿಗೆ ಡಬ್ಬ ತೊಳೆಯೋಣ ಅಂತ ಮುಚ್ಚಳ ತೆಗೆದರೆ ಒಂದು ವಾಸನೆ ಮೂಗಿಗೆ ಹೊಡೆಯುತ್ತದೆ, ಅಲ್ವಾ? ಕಮಟು. ಹಳೆಯ ಕೊಬ್ಬರಿ ಗಿಟುಕಿನಲ್ಲೂ ಅದೇ ವಾಸನೆ. ಎಣ್ಣೆಯ ಅಂಶಕ್ಕೆ ಆಮ್ಲಜನಕ ತಾಗಿ ಅದು ಕೆಟ್ಟಿದೆ ಎಂದು ಅರ್ಥ. ಕೊಲೆಸ್ಟ್ರಾಲ್ ಹೊತ್ತು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳಿಗೂ ಹೆಚ್ಚುಕಮ್ಮಿ ಇದೇ ಗತಿಯಾಗುತ್ತದೆ. ಡಾಕ್ಟರುಗಳು ಇದನ್ನು ಆಕ್ಸಿಡೈಸ್ಡ್ ಎಲ್‌ಡಿಎಲ್ ಅನ್ನುತ್ತಾರೆ.

ಇದನ್ನು ಬರೆಯಲು ಕಾರಣ ನಮ್ಮ ಸೋದರಮಾವ. ಜಯನಗರದಲ್ಲಿ ಮನೆ. 47ನೇ ವಯಸ್ಸಿನಲ್ಲಿ ಹೃದಯದ ನಾಳ ತೆರೆದಿಡಲು ಎರಡು ಸ್ಟೆಂಟ್ ಹಾಕಿದರು. ಆಳು ತೆಳ್ಳಗೆ, ಸ್ವಲ್ಪ ಹೊಟ್ಟೆ ಮಾತ್ರ ಮುಂದೆ. ದಿನಕ್ಕೆ ಐದಾರು ಸಿಗರೇಟು. ಹಿಂದಿನ ವರ್ಷದ ಚೆಕಪ್‌ನಲ್ಲಿ ಒಟ್ಟು ಕೊಲೆಸ್ಟ್ರಾಲ್ 212 ಬಂದಿತ್ತು, 'ಬಾರ್ಡರ್‌ನಲ್ಲಿದೆ' ಅಂತ ಎಲ್ಲರೂ ಸುಮ್ಮನಾಗಿದ್ದೆವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವಾಟ್ಸಾಪ್‌ನಲ್ಲಿ ಯಾರೋ ಈ ಆಕ್ಸಿಡೇಶನ್ ವಿಷಯ ಕಳಿಸಿದರು. ಅದರ ಬೆನ್ನಿಗೇ ಅದನ್ನು ತಡೆಯುತ್ತವೆ ಎನ್ನುವ ಆಂಟಿಆಕ್ಸಿಡೆಂಟ್ ಮಾತ್ರೆ, ಪುಡಿ, ಜ್ಯೂಸ್ ಎಲ್ಲ ಶುರುವಾಯಿತು. ಒಂದು ಅಂಗಡಿಯವರು ತಿಂಗಳಿಗೆ 3,800 ರೂಪಾಯಿಯ ಡಬ್ಬ ಕೈಗಿಟ್ಟು, 'ಇದು ಇದ್ದರೆ ಆ ಇಂಗ್ಲಿಷ್ ಮಾತ್ರೆ ಬೇಕಾಗಲ್ಲ' ಅಂದರು. ಮಾವ ನಂಬಿದರು. ಎರಡು ತಿಂಗಳು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಮುಟ್ಟಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಹಾಗೆ ಬಿಡುವುದು ಎಷ್ಟು ಅಪಾಯ ಅಂತ ಗೊತ್ತಾದ ದಿನ ನನಗೆ ಕೈಕಾಲು ತಣ್ಣಗಾಯಿತು.

ಆಕ್ಸಿಡೇಶನ್ ಸುಳ್ಳಲ್ಲ. ಅದನ್ನು ತಡೆಯುವ ದಾರಿ ಮಾತ್ರ ಆ ಡಬ್ಬದಲ್ಲಿ ಇರಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಕಣ ಎಲ್ಲಿ ಕೆಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಗೋಡೆಗೆ ಇಳಿದ ತೇವ

ರಕ್ತನಾಳ ಅಂದರೆ ಅಡುಗೆಮನೆ ಸಿಂಕಿನ ಪೈಪು, ಕೊಲೆಸ್ಟ್ರಾಲ್ ಅಂದರೆ ಅದರೊಳಗೆ ಕಟ್ಟುವ ಜಿಡ್ಡು ಅಂತ ನಾವು ಅಂದುಕೊಂಡಿರುತ್ತೇವೆ. ಈ ಚಿತ್ರವನ್ನು ಬಿಟ್ಟುಬಿಡಿ. ಬೆಂಗಳೂರಿನ ಮಳೆಗಾಲದಲ್ಲಿ ಅಪಾರ್ಟ್‌ಮೆಂಟ್ ಗೋಡೆ ನೋಡಿ. ನೀರು ಸಣ್ಣ ಬಿರುಕಿನಿಂದ ಒಳಗೆ ಇಳಿಯುತ್ತದೆ, ಒಳಗೇ ನಿಲ್ಲುತ್ತದೆ, ಕೆಲವು ತಿಂಗಳಿಗೆ ಬಣ್ಣದ ಕೆಳಗೆ ಪ್ಲಾಸ್ಟರ್ ಉಬ್ಬುತ್ತದೆ, ಒಂದು ದಿನ ಉದುರುತ್ತದೆ. ರಕ್ತನಾಳದ ಕಥೆ ಇದಕ್ಕೇ ಹತ್ತಿರ.

ಒಂದು ಎಲ್‌ಡಿಎಲ್ ಕಣದ ಅಗಲ ಸುಮಾರು 22 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 22 ಪಾಲು ಅಷ್ಟೇ. ಒಳಗೆ ಕೊಲೆಸ್ಟ್ರಾಲ್ ಮತ್ತು ಕೊಬ್ಬು, ಹೊರಗೆ ತೆಳು ಪದರ, ಅದನ್ನು ಸುತ್ತಿಕೊಂಡಿರುವ ಅಪೊಬಿ ಎಂಬ ಒಂದೇ ಒಂದು ಪ್ರೋಟೀನ್. ಜೊತೆಗೆ ಕಾವಲಿಗೆ ಬೆರಳೆಣಿಕೆಯಷ್ಟು ವಿಟಮಿನ್ ಇ ಅಣುಗಳು. ಈ ಕಣಗಳು ರಕ್ತನಾಳದ ಒಳಗೋಡೆಯನ್ನು ದಾಟಿ ಒಳಕ್ಕೆ ಹೋಗುತ್ತಿರುತ್ತವೆ. ನಾಳ ಕವಲೊಡೆಯುವ ಕಡೆ, ತಿರುವಿನ ಕಡೆ ಇದು ಜಾಸ್ತಿ. ಹೋದ ಕೆಲವು ಕಣಗಳು ವಾಪಸ್ ಬರುವುದಿಲ್ಲ. ಗೋಡೆಯೊಳಗಿನ ನಾರಿನಂಥ ಅಣುಗಳು ಅಪೊಬಿಯನ್ನು ಹಿಡಿದು ನಿಲ್ಲಿಸಿಕೊಳ್ಳುತ್ತವೆ.

ಕೆಡುವುದು ಆಮೇಲೆ. ರಕ್ತದಲ್ಲಿ ಓಡಾಡುತ್ತಿರುವಾಗ ಕಣಕ್ಕೆ ಸುತ್ತಲೂ ರಕ್ಷಣೆ ಜಾಸ್ತಿ. ಗೋಡೆಯೊಳಗೆ ಸಿಕ್ಕಿಕೊಂಡ ಮೇಲೆ ಆ ರಕ್ಷಣೆ ಕಮ್ಮಿ. ಅಲ್ಲಿನ ಜೀವಕೋಶಗಳು ಬಿಡುವ ಕಿಣ್ವಗಳು, ಚುರುಕಾದ ಆಮ್ಲಜನಕದ ಅಣುಗಳು ಬಡಿಯುತ್ತವೆ. ಇದ್ದ ವಿಟಮಿನ್ ಇ ಖರ್ಚಾಗುತ್ತದೆ. ಕಣದ ಕೊಬ್ಬಿನ ಒಂದು ಅಣು ಕೆಟ್ಟು ಪಕ್ಕದ್ದನ್ನೂ ಕೆಡಿಸುತ್ತಾ ಹೋಗಿ, ಕೊನೆಗೆ ಹೊರಗಿನ ಅಪೊಬಿಯ ಸ್ವರೂಪವೇ ಬದಲಾಗುತ್ತದೆ.

ಇಲ್ಲೊಂದು ಒಗಟು ಇತ್ತು. ಜೀವಕೋಶಗಳು ಎಲ್‌ಡಿಎಲ್ ಅನ್ನು ಒಳಗೆ ತೆಗೆದುಕೊಳ್ಳುವ ಬಾಗಿಲನ್ನು ಕಂಡುಹಿಡಿದ ಅಮೆರಿಕದ ಗೋಲ್ಡ್‌ಸ್ಟೈನ್ ಮತ್ತು ಬ್ರೌನ್‌ಗೆ 1985ರಲ್ಲಿ ನೊಬೆಲ್ ಬಂತು. ಆ ಬಾಗಿಲಿಗೆ ಒಂದು ಒಳ್ಳೆಯ ಗುಣ ಇದೆ. ಕೋಶಕ್ಕೆ ಕೊಲೆಸ್ಟ್ರಾಲ್ ಸಾಕಾದರೆ ಬಾಗಿಲುಗಳ ಸಂಖ್ಯೆಯೇ ಕಡಿಮೆಯಾಗುತ್ತದೆ. ಹಾಗಿದ್ದ ಮೇಲೆ ರಕ್ತನಾಳದಲ್ಲಿರುವ ಮ್ಯಾಕ್ರೋಫೇಜ್ ಎಂಬ ಕಸ ಗುಡಿಸುವ ಕೋಶಗಳು ಹೊಟ್ಟೆ ಬಿರಿಯುವಷ್ಟು ಕೊಲೆಸ್ಟ್ರಾಲ್ ನುಂಗುವುದು ಹೇಗೆ? ತಾಜಾ ಎಲ್‌ಡಿಎಲ್ ಕೊಟ್ಟರೆ ಅವು ಹಾಗೆ ನುಂಗುವುದಿಲ್ಲ, ರಾಸಾಯನಿಕವಾಗಿ ಬದಲಾಯಿಸಿದ ಎಲ್‌ಡಿಎಲ್ ಕೊಟ್ಟರೆ ಬೇರೊಂದು ಬಾಗಿಲಿನಿಂದ ಗಬಗಬನೆ ನುಂಗುತ್ತವೆ ಎಂದು ಅದೇ ಜೋಡಿ 1979ರಲ್ಲಿ ತೋರಿಸಿತು. ದೇಹದೊಳಗೆ ಆ ಬದಲಾವಣೆ ಮಾಡುವುದು ಯಾವುದು? ಸ್ಯಾನ್ ಡಿಯಾಗೋದಲ್ಲಿ ಡೇನಿಯಲ್ ಸ್ಟೈನ್‌ಬರ್ಗ್ ಅವರ ತಂಡ 1980ರ ದಶಕದಲ್ಲಿ ಉತ್ತರ ಕೊಟ್ಟಿತು: ಆಕ್ಸಿಡೇಶನ್. ಆ ತಂಡದಲ್ಲಿ ಭಾರತ ಮೂಲದ ಸಂಪತ್ ಪಾರ್ಥಸಾರಥಿ ಅವರೂ ಇದ್ದರು.

ಈ ಎರಡನೇ ಬಾಗಿಲಿಗೆ 'ಸಾಕು' ಅನ್ನುವುದು ಗೊತ್ತಿಲ್ಲ. ಕೆಟ್ಟ ಕಣ ಬಂದಷ್ಟೂ ಒಳಗೆ. ತುಂಬಿಕೊಂಡ ಕೋಶ ಸೂಕ್ಷ್ಮದರ್ಶಕದಲ್ಲಿ ಸೋಪಿನ ನೊರೆಯ ಹಾಗೆ ಕಾಣುವುದರಿಂದ ಅದಕ್ಕೆ ನೊರೆ ಕೋಶ ಎಂದೇ ಹೆಸರು. ಅವು ಅಲ್ಲೇ ಸಾಯುತ್ತವೆ, ಅವುಗಳ ಕೊಬ್ಬು ಅಲ್ಲೇ ಉಳಿಯುತ್ತದೆ, ಸುತ್ತ ಉರಿಯೂತ ಶುರುವಾಗಿ ಇನ್ನಷ್ಟು ಕೋಶಗಳು ಬರುತ್ತವೆ. ವರ್ಷಗಟ್ಟಲೆ ಇದು ನಡೆದರೆ ಒಳಗೆ ಮೆತ್ತನೆ ತಿರುಳು, ಮೇಲೆ ತೆಳು ಮುಚ್ಚಳ ಇರುವ ಗಂಟು ಬೆಳೆಯುತ್ತದೆ. ಮುಚ್ಚಳ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳಬಹುದು. ಅದೇ ಹಾರ್ಟ್ ಅಟ್ಯಾಕ್. ಒಡೆಯುವ ಗಂಟು ನಾಳವನ್ನು ಅರ್ಧ ಕೂಡ ಅಡ್ಡಗಟ್ಟಿರದೆ ಇರಬಹುದು. 'ಹೋದ ತಿಂಗಳು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ನಾರ್ಮಲ್ ಇತ್ತಲ್ಲ' ಅಂತ ಜನ ಗಾಬರಿಯಾಗುವುದು ಇದಕ್ಕೇ.

ಡಬ್ಬದ ವಿಟಮಿನ್ ಬಿಡಿ

ಕಣ ಕೆಡುವುದು ಆಕ್ಸಿಡೇಶನ್‌ನಿಂದ, ಹಾಗಾದರೆ ಆಂಟಿಆಕ್ಸಿಡೆಂಟ್ ನುಂಗಿದರೆ ಆಯಿತು, ಅಲ್ವಾ? ವಿಜ್ಞಾನಿಗಳೂ ಹಾಗೇ ಅಂದುಕೊಂಡು ದೊಡ್ಡ ದೊಡ್ಡ ಪರೀಕ್ಷೆ ಮಾಡಿದರು. 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ 9,000ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ, ಉಳಿದವರಿಗೆ ಖಾಲಿ ಮಾತ್ರೆ. ನಾಲ್ಕೂವರೆ ವರ್ಷ ಕೊಟ್ಟರೂ ಹೃದಯಕ್ಕೆ ಲಾಭ ಕಾಣಲಿಲ್ಲ.

ನನ್ನ ಕಣ್ಣು ತೆರೆಸಿದ್ದು 2002ರ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ. 20,536 ಜನ, ಐದು ವರ್ಷ. ಅದೇ ಜನರ ಮೇಲೆ ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದರು. ಅರ್ಧ ಜನಕ್ಕೆ ವಿಟಮಿನ್ ಇ, ಸಿ ಮತ್ತು ಬೀಟಾ ಕ್ಯಾರೋಟಿನ್ ಸೇರಿಸಿದ ಮಾತ್ರೆ. ಇನ್ನೊಂದು ಲೆಕ್ಕದಲ್ಲಿ ಅರ್ಧ ಜನಕ್ಕೆ 40 ಮಿಲಿಗ್ರಾಂ ಸಿಮ್ವಸ್ಟ್ಯಾಟಿನ್. ವಿಟಮಿನ್‌ನಿಂದ ಹಾರ್ಟ್ ಅಟ್ಯಾಕೂ ಕಮ್ಮಿಯಾಗಲಿಲ್ಲ, ಸಾವೂ ಕಮ್ಮಿಯಾಗಲಿಲ್ಲ. ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥವು ಸುಮಾರು ಕಾಲುಭಾಗ ಇಳಿದವು. ಈ ಫಲಿತಾಂಶವನ್ನು ನಾನು ಮಾವನಿಗೆ ಕೂರಿಸಿಕೊಂಡು ಓದಿ ಹೇಳಿದೆ. ಆ ಡಬ್ಬ ಅವತ್ತೇ ಹೊರಗೆ ಹೋಯಿತು.

ಹಾಗಾಗಿ ದಾರಿ ಇಷ್ಟು: ಗೋಡೆಯೊಳಗೆ ಹೋಗುವ ಕಣಗಳನ್ನೇ ಕಮ್ಮಿ ಮಾಡುವುದು, ಗೋಡೆಯನ್ನು ಗಾಯ ಮಾಡುವ ಕೆಲಸಗಳನ್ನು ನಿಲ್ಲಿಸುವುದು. ಕೆಡಲು ಕಣವೇ ಇಲ್ಲದಿದ್ದರೆ ಕೆಡುವುದಾದರೂ ಏನು?

ಮೊದಲು ರಿಪೋರ್ಟ್ ಕೈಗೆ ತಗೊಳ್ಳಿ

ಬೀರುವಿನಲ್ಲಿ ಎಲ್ಲೋ ಇರುತ್ತದೆ, ಹುಡುಕಿ. ಮಾವನ ಹಳೆಯ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಹೀಗಿತ್ತು: ಒಟ್ಟು ಕೊಲೆಸ್ಟ್ರಾಲ್ 212, 'ಒಳ್ಳೆಯ ಕೊಲೆಸ್ಟ್ರಾಲ್' ಅನ್ನುವ ಎಚ್‌ಡಿಎಲ್ 34, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 130. ಎಲ್ಲವೂ ಒಂದು ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕ. ಆ 130ನ್ನು ಬಹಳಷ್ಟು ಲ್ಯಾಬ್‌ಗಳು ನೇರವಾಗಿ ಅಳೆದಿರುವುದಿಲ್ಲ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 48. ಒಟ್ಟು 212ರಲ್ಲಿ 34 ಮತ್ತು 48 ಕಳೆದರೆ 130. ಇಷ್ಟೇ ಲೆಕ್ಕ. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಲೆಕ್ಕದ ಭರವಸೆ ಕಮ್ಮಿ, 400 ದಾಟಿದರೆ ಇದನ್ನು ಬಳಸಲೇಬಾರದು.

ಅದಕ್ಕೇ ಇನ್ನೊಂದು ಸಂಖ್ಯೆ ನೀವೇ ಹಾಕಿಕೊಳ್ಳಿ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆಯಿರಿ. 212ರಲ್ಲಿ 34 ಹೋದರೆ 178. ಇದು ನಾನ್-ಎಚ್‌ಡಿಎಲ್. ಗೋಡೆಗೆ ಇಳಿಯಬಲ್ಲ ಎಲ್ಲ ಬಗೆಯ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಬಂತು. ಭಾರತೀಯ ಹೃದ್ರೋಗ ತಜ್ಞರ ಸಂಘ ಸಿಎಸ್‌ಐ 2024ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಅಪಾಯ ಕಡಿಮೆ ಇರುವವರಿಗೇ ಎಲ್‌ಡಿಎಲ್ 100ರ ಒಳಗೆ, ನಾನ್-ಎಚ್‌ಡಿಎಲ್ 130ರ ಒಳಗೆ ಇರಬೇಕು. ಅಪಾಯ ಹೆಚ್ಚಿದ್ದರೆ ಎಲ್‌ಡಿಎಲ್ 70ರ ಒಳಗೆ. ಆಗಲೇ ಹಾರ್ಟ್ ಅಟ್ಯಾಕ್ ಆದವರಿಗೆ, ನಾಳದ ಕಾಯಿಲೆ ಗೊತ್ತಾದವರಿಗೆ 55ರ ಒಳಗೆ. 'ಬಾರ್ಡರ್' ಅಂತ ನಾವು ಬಿಟ್ಟ ರಿಪೋರ್ಟಿನಲ್ಲಿ 178 ಕೂತಿತ್ತು. ಒಂದೇ ಒಂದು ಕಳೆಯುವ ಲೆಕ್ಕ, ಯಾರೂ ಮಾಡಿರಲಿಲ್ಲ.

ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ ಎಂಬ ಜೋಡಿ ನಮ್ಮ ಜನರಲ್ಲಿ ತುಂಬಾ ಸಾಮಾನ್ಯ. ಇದು ಇದ್ದಾಗ ಎಲ್‌ಡಿಎಲ್ ಕಣಗಳು ಸಣ್ಣಗೆ, ಗಟ್ಟಿಯಾಗಿ ಇರುತ್ತವೆ. ಅಂಥವು ಗೋಡೆಗೆ ಸುಲಭವಾಗಿ ನುಗ್ಗುತ್ತವೆ, ಬೇಗ ಕಮಟುತ್ತವೆ. ಕೊಲೆಸ್ಟ್ರಾಲ್ ತೂಕ ಅಷ್ಟೇ ಇದ್ದರೂ ಕಣಗಳ ಸಂಖ್ಯೆ ಜಾಸ್ತಿ. ಆ ಸಂಖ್ಯೆ ತಿಳಿಯಲು ಅಪೊಬಿ ಪರೀಕ್ಷೆ ಇದೆ, ಒಂದು ಕಣಕ್ಕೆ ಒಂದೇ ಅಪೊಬಿ ಅಂದೆನಲ್ಲ, ಅದೇ ಲೆಕ್ಕ. ಸಕ್ಕರೆ ಕಾಯಿಲೆ, ಹೊಟ್ಟೆ ಬೊಜ್ಜು ಇದ್ದವರು ಡಾಕ್ಟರನ್ನು ಕೇಳಿ ಒಮ್ಮೆ ಮಾಡಿಸುವುದು ಒಳ್ಳೆಯದು. ಮನೆಯಲ್ಲಿ ಟೇಪ್ ಹಿಡಿದು ಸೊಂಟವನ್ನೂ ಅಳೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ತೆಳ್ಳಗಿದ್ದೇವೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಇನ್ನೊಂದು ಪರೀಕ್ಷೆ ಜೀವನದಲ್ಲಿ ಒಂದೇ ಸಲ ಸಾಕು: ಲೈಪೊಪ್ರೋಟೀನ್-ಎ. ಇದು ಎಲ್‌ಡಿಎಲ್‌ನ ದಾಯಾದಿ. ರಕ್ತದಲ್ಲಿ ಆಕ್ಸಿಡೈಸ್ ಆದ ಫಾಸ್ಫೊಲಿಪಿಡ್ ಎಂಬ ಕೊಬ್ಬುಗಳನ್ನು ಮುಖ್ಯವಾಗಿ ಹೊತ್ತು ತಿರುಗುವುದು ಇದೇ. ಎಷ್ಟಿರಬೇಕು ಎಂಬುದನ್ನು ಬಹುಮಟ್ಟಿಗೆ ಅಪ್ಪ ಅಮ್ಮನ ಜೀನ್ ತೀರ್ಮಾನಿಸಿರುತ್ತದೆ, ಊಟ ವ್ಯಾಯಾಮಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. 50 ಮಿಲಿಗ್ರಾಂ ಮೇಲಿದ್ದರೆ ಅಪಾಯ ಜಾಸ್ತಿ. ಲ್ಯಾಬಿನಲ್ಲಿ ಅಪೊ ಎ1 ಎಂಬ ಬೇರೆಯೇ ಪರೀಕ್ಷೆ ಇದೆ, ಹೆಸರು ಹತ್ತಿರ ಇರುವುದರಿಂದ ಚೀಟಿಯಲ್ಲಿ ಸರಿಯಾಗಿ ಬರೆಸಿಕೊಳ್ಳಿ. ಕೆಲವು ಕಡೆ ಆಕ್ಸಿಡೈಸ್ಡ್ ಎಲ್‌ಡಿಎಲ್ ಪರೀಕ್ಷೆಯನ್ನೂ ಮಾರುತ್ತಾರೆ. ಅದಕ್ಕೆ ದುಡ್ಡು ಹಾಕಬೇಡಿ. ಕೆಡುವುದು ಗೋಡೆಯೊಳಗೆ, ಸೂಜಿ ಚುಚ್ಚುವುದು ರಕ್ತಕ್ಕೆ. ಬಂದ ಸಂಖ್ಯೆಯಿಂದ ಚಿಕಿತ್ಸೆಯೇನೂ ಬದಲಾಗುವುದಿಲ್ಲ.

ಎಲ್‌ಡಿಎಲ್ 190 ಮೇಲೆ ಬಂದರೆ ಅದು ವಂಶದ ವಿಷಯ ಇರಬಹುದು. ಅಣ್ಣ ತಮ್ಮ ಅಕ್ಕ ತಂಗಿ ಮಕ್ಕಳು ಎಲ್ಲರನ್ನೂ ಪರೀಕ್ಷೆ ಮಾಡಿಸಿ.

ಸಿಗರೇಟು

ಇದಕ್ಕೆ ಜಾಸ್ತಿ ಮಾತು ಬೇಡ. ಹೊಗೆ ರಕ್ತನಾಳದ ಒಳಪದರವನ್ನು ನೇರವಾಗಿ ಗಾಯ ಮಾಡುತ್ತದೆ, ಕಣ ಕೆಡುವುದನ್ನೂ ಚುರುಕು ಮಾಡುತ್ತದೆ. ದಿನಕ್ಕೆ ಎರಡೇ ಸೇದುತ್ತೇನೆ ಎಂಬ ವಾದ ರಕ್ತನಾಳಕ್ಕೆ ಗೊತ್ತಾಗುವುದಿಲ್ಲ. ಸಂಜೆ ಟೀ ಅಂಗಡಿಯ ಗುಂಪು ಬಿಡುವುದೇ ಕಷ್ಟ, ಮಾವನೂ ಮೊದಲು ಆ ಅಂಗಡಿಯ ದಾರಿಯನ್ನೇ ಬದಲಿಸಿದರು. ಒಬ್ಬರೇ ಬಿಡಲು ಆಗದಿದ್ದರೆ 1800 11 2356ಕ್ಕೆ ಫೋನ್ ಮಾಡಿ, ತಂಬಾಕು ಬಿಡಿಸುವ ಸರ್ಕಾರದ ಉಚಿತ ಸಹಾಯವಾಣಿ. ಬಿಪಿ ಮತ್ತು ಸಕ್ಕರೆ ಹಿಡಿತದಲ್ಲಿಡುವುದೂ ಇದೇ ಗುಂಪಿಗೆ ಸೇರಿದ್ದು. ವಾಕಿಂಗ್ ಹೋಗುವವರು ರಿಂಗ್ ರೋಡ್ ಪಕ್ಕದ ಹೊಗೆಯಲ್ಲಿ ನಡೆಯುವ ಬದಲು ಲಾಲ್‌ಬಾಗ್, ಕಬ್ಬನ್ ಪಾರ್ಕ್ ಅಥವಾ ನಿಮ್ಮ ಬಡಾವಣೆಯ ಪಾರ್ಕ್ ನೋಡಿಕೊಳ್ಳಿ.

ಬಾಣಲೆ ಕಡೆ ಒಮ್ಮೆ ನೋಡಿ

ಸಂಜೆ ಮಳೆ ಬಂದರೆ ಗಾಂಧಿ ಬಜಾರಿನಲ್ಲಿ ಮೆಣಸಿನಕಾಯಿ ಬಜ್ಜಿಯ ಮುಂದೆ ನಾನೂ ನಿಲ್ಲುತ್ತೇನೆ. ಈಗ ತಟ್ಟೆ ತೆಗೆದುಕೊಳ್ಳುವ ಮುಂಚೆ ಅರ್ಧ ನಿಮಿಷ ಬಾಣಲೆ ನೋಡುತ್ತೇನೆ. ಹೊಸ ಎಣ್ಣೆಗೆ ಹಿಟ್ಟು ಬಿಟ್ಟರೆ ದೊಡ್ಡ ಗುಳ್ಳೆ ಎದ್ದು ಪಟಪಟ ಒಡೆದುಹೋಗುತ್ತದೆ, ಎಣ್ಣೆಯ ತಳ ಕಾಣುತ್ತದೆ. ಹಳೆಯ ಎಣ್ಣೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳ ನೊರೆ ದಪ್ಪಗೆ ಎದ್ದು ಬಾಣಲೆಯ ಅಂಚಿಗೆ ಬಂದು ಅಲ್ಲೇ ನಿಲ್ಲುತ್ತದೆ. ಬಣ್ಣ ಕಾಫಿ ಡಿಕಾಕ್ಷನ್ ಹಾಗೆ, ಸೌಟಿನಿಂದ ಬಿಟ್ಟರೆ ಅಂಟಂಟಾಗಿ ಇಳಿಯುತ್ತದೆ, ಬೇಗ ಹೊಗೆಯಾಡುತ್ತದೆ. ಅಂಥ ಕಡೆ ಬಿಟ್ಟು ಬನ್ನಿ. ಎಣ್ಣೆಯಲ್ಲಿ ಕೆಟ್ಟ ಅಂಶ, ಅಂದರೆ ಒಟ್ಟು ಪೋಲಾರ್ ಸಂಯುಕ್ತಗಳು, ಶೇ 25 ದಾಟಿದರೆ ಬಳಸಬಾರದು ಎಂಬ ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ 2018ರ ಜುಲೈ 1ರಿಂದ ಇದೆ.

ತಿಂದ ಕಮಟು ಕೊಬ್ಬಿನ ಒಂದು ಪಾಲು ಊಟದ ನಂತರ ರಕ್ತದ ಕೊಬ್ಬಿನ ಕಣಗಳಿಗೆ ಸೇರುತ್ತದೆ ಎಂಬುದು ಮನುಷ್ಯರಲ್ಲೇ ಕಂಡುಬಂದಿದೆ. ಆದರೂ ಅಳತೆ ತಪ್ಪಬಾರದು. ನನ್ನ ಲೆಕ್ಕದಲ್ಲಿ ಎಲ್‌ಡಿಎಲ್ ಮತ್ತು ಸಿಗರೇಟು ಮೊದಲು, ಎಣ್ಣೆ ಆಮೇಲೆ. ಎಲ್‌ಡಿಎಲ್ 160 ಇಟ್ಟುಕೊಂಡು ಎಣ್ಣೆಯ ಬ್ರ್ಯಾಂಡ್ ಚರ್ಚೆ ಮಾಡುತ್ತಾ ಕೂತರೆ ಪ್ರಯೋಜನ ಇಲ್ಲ.

ಮನೆಯಲ್ಲಿ ನಾವು ಮಾಡುವುದು ಇಷ್ಟು. ಕರಿಯಲು ಸಣ್ಣ ಬಾಣಲೆ, ಕಡಿಮೆ ಎಣ್ಣೆ, ಹಾಗಾಗಿ ಉಳಿಯುವುದೂ ಸ್ವಲ್ಪವೇ. ಉಳಿದದ್ದನ್ನು ಸೋಸಿ ಒಂದೆರಡು ದಿನದಲ್ಲಿ ಒಗ್ಗರಣೆ, ಪಲ್ಯಕ್ಕೆ ಮುಗಿಸುತ್ತೇವೆ. ಮತ್ತೆ ಕರಿಯುವುದಿಲ್ಲ. ಹಳೆಯದಕ್ಕೆ ಹೊಸದನ್ನು ಸುರಿಯುವುದಂತೂ ಇಲ್ಲ, ಸುರಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಎಣ್ಣೆಯನ್ನು ಒಲೆ ಪಕ್ಕ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡುವುದಿಲ್ಲ. ನಾಲ್ಕು ಜನಕ್ಕೆ ತಿಂಗಳಿಗೆ 2 ಲೀಟರ್ ಎಂದು ಕಟ್ಟು ಹಾಕಿಕೊಂಡಿದ್ದೇವೆ.

ಯಾವ ಎಣ್ಣೆ? ಒಲೆಯಿಕ್ ಆಮ್ಲ ಜಾಸ್ತಿ ಇರುವ ಎಲ್‌ಡಿಎಲ್ ಕಣ ಆಕ್ಸಿಡೇಶನ್‌ಗೆ ಅಷ್ಟು ಬೇಗ ಬಗ್ಗುವುದಿಲ್ಲ ಎಂದು ಪಾರ್ಥಸಾರಥಿ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದ್ದರು. ಸಾಮಾನ್ಯ ಸೂರ್ಯಕಾಂತಿಗಿಂತ ಕಡಲೆಕಾಯಿ ಎಣ್ಣೆಯಲ್ಲಿ ಅದು ಜಾಸ್ತಿ, ಕಾಯಿಸಿದಾಗ ತಡೆದುಕೊಳ್ಳುವುದೂ ಜಾಸ್ತಿ. ಹಾಗಾಗಿ ನಮ್ಮ ಮನೆಯಲ್ಲಿ ಕಡಲೆಕಾಯಿ ಎಣ್ಣೆ. ತೆಂಗಿನೆಣ್ಣೆ, ತುಪ್ಪ, ತಾಳೆ ಎಣ್ಣೆ ಸುಲಭವಾಗಿ ಕಮಟುವುದಿಲ್ಲ ಎಂಬುದು ನಿಜ. ಆದರೆ ಅವು ಎಲ್‌ಡಿಎಲ್ ಏರಿಸುತ್ತವೆ, ಕಣಗಳೇ ಜಾಸ್ತಿಯಾದ ಮೇಲೆ ಆ ಗುಣದಿಂದ ಏನು ಬಂತು? ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಇರಲಿ, ಧಾರಾಳ ಬೇಡ.

ತಟ್ಟೆಯಲ್ಲಿ ಏನಿರಬೇಕು ಅಂದರೆ ಹುರುಳಿ ಸಾರು, ಅವರೆಕಾಳು, ಸೊಪ್ಪಿನ ಬಸ್ಸಾರು, ಬೆಂಡೆಕಾಯಿ, ಸೀಬೆಹಣ್ಣು. ಇವುಗಳಲ್ಲಿನ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಹಾಕುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರು ಅನ್ನದ ಗುಡ್ಡೆ, ಮೈದಾ, ಸಿಹಿ, ಮದ್ಯ ಇಳಿಸಬೇಕು.

ಮಾತ್ರೆ ಬಗ್ಗೆ

ಸ್ಟ್ಯಾಟಿನ್ ಒಂದು ಬೂಸ್ಟಿನಿಂದ ಬಂದದ್ದು. ಜಪಾನಿನ ಅಕಿರಾ ಎಂಡೋ 1970ರ ದಶಕದಲ್ಲಿ ಪೆನಿಸಿಲಿಯಂ ಜಾತಿಯ ಬೂಸ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡುಹಿಡಿದರು. ಈ ಮಾತ್ರೆ ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿ ಇಳಿಸುತ್ತದೆ, ಆಗ ಲಿವರ್ ಎಲ್‌ಡಿಎಲ್ ಬಾಗಿಲುಗಳನ್ನು ಜಾಸ್ತಿ ಮಾಡಿಕೊಂಡು ರಕ್ತದ ಕಣಗಳನ್ನು ಎಳೆದುಕೊಳ್ಳುತ್ತದೆ. ಗೋಡೆಗೆ ಹೋಗಿ ಕೆಡಲು ಕಣ ಕಮ್ಮಿಯಾಗುತ್ತದೆ. ಯಾರಿಗೆ ಬೇಕು, ಎಷ್ಟು ಬೇಕು ಎಂಬುದನ್ನು ಡಾಕ್ಟರೇ ಹೇಳಬೇಕು. ಶುರು ಮಾಡಿದ ಒಂದೂವರೆಯಿಂದ ಮೂರು ತಿಂಗಳೊಳಗೆ ಮತ್ತೆ ಲಿಪಿಡ್ ಪರೀಕ್ಷೆ ಮಾಡಿಸಿ. ಸಂಖ್ಯೆ ಇಳಿದಿದೆ ಅಂತ ಮಾತ್ರೆ ಬಿಡಬೇಡಿ, ಇಳಿದಿರುವುದು ಮಾತ್ರೆಯಿಂದ. ಮೈಕೈ ನೋವು ಬಂದರೆ ಸುಮ್ನೆ ನಿಲ್ಲಿಸದೆ ಡಾಕ್ಟರಿಗೆ ಹೇಳಿ, ಡೋಸ್ ಬದಲಿಸಬಹುದು, ಎಜೆಟಿಮೈಬ್‌ನಂಥ ಬೇರೆ ಔಷಧಿಯೂ ಇದೆ. ಮಗು ಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಅದನ್ನು ಮೊದಲೇ ತಿಳಿಸಬೇಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೊರಟುಹೋದಾಗ ಜಯದೇವ ಆಸ್ಪತ್ರೆಗೆ ತಪಾಸಣೆಗೆ ಬಂದ ಜನ ನೆನಪಿರಬಹುದು. ನಮ್ಮ ಮನೆಯವರೂ ಆ ವಾರ ಪರೀಕ್ಷೆ ಮಾಡಿಸಿದೆವು, ರಿಪೋರ್ಟ್ ಬೀರುವಿಗೆ ಹೋಯಿತು. ನಿಮ್ಮದೂ ಹಾಗೇ ಬಿದ್ದಿದ್ದರೆ ಈಗ ತೆಗೆಯಿರಿ. ಮತ್ತೊಂದು ಮಾತು: ಎದೆ ಹಿಂಡಿದ ಹಾಗಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹೋದರೆ 'ಗ್ಯಾಸ್ಟ್ರಿಕ್ ಇರಬೇಕು' ಅಂತ ಸೋಡಾ ಕುಡಿಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಆಗುವ ಕಡೆ ಹೋಗಿ.

ಮಾವ ಈಗ ಮಾತ್ರೆ ತಪ್ಪಿಸುವುದಿಲ್ಲ. ಹೋದ ಸಲ ಎಲ್‌ಡಿಎಲ್ 52, ನಾನ್-ಎಚ್‌ಡಿಎಲ್ 80. ಆದರೆ ಲೈಪೊಪ್ರೋಟೀನ್-ಎ 84 ಬಂತು. ಅದು ಅವರ ತಾಯಿಯ ಕಡೆಯಿಂದಲೋ ತಂದೆಯ ಕಡೆಯಿಂದಲೋ ಬಂದದ್ದು, ಮಗಳಿಗೂ ಹೋಗಿರಬಹುದು. ಅವಳಿಗೆ 24. ಹೋದ ಶನಿವಾರ ನಾನೇ ಕರೆದುಕೊಂಡು ಹೋಗಿ ರಕ್ತ ಕೊಡಿಸಿಕೊಂಡು ಬಂದೆ. 91 ಇದೆ. ಅದನ್ನು ಇಳಿಸಲು ಸದ್ಯಕ್ಕೆ ನಮ್ಮ ಕೈಯಲ್ಲಿ ದಾರಿ ಇಲ್ಲ, ಹಾಗಾಗಿ ಉಳಿದದ್ದನ್ನೆಲ್ಲ ಈಗಿನಿಂದಲೇ ಕೆಳಗಿಡಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಅವಳ ಎಲ್‌ಡಿಎಲ್ 118. ಮೂರು ತಿಂಗಳು ಊಟ, ನಡಿಗೆ ಸರಿ ಮಾಡಿಕೊಂಡು ಮತ್ತೆ ಪರೀಕ್ಷೆ.